ತವರಿಗೆ ಹೋದ ಸಂದೇಶಗಳು

ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು ನಾನು. ಓಣಿಯ ತುದಿ ಮುಟ್ಟಿದ ಮೇಲೂ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ತಿರುಗಿ ಬಂದದ್ದುಂಟು. "ಕೀಲಿ ಎಳದೆಳದು ಒಂದಿನ ಬಾಗಲಾನ ಕಿತ್ತು ಕೈಗೆ ಬರತೈತಿ ನೋಡು" ಎಂದು ನನ್ನ ಗಂಡ ನಗುತ್ತಾರೆ. ನಗಲಿ ಬಿಡಿ. ಸಿಂದಗಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕಂಪ್ಯೂಟರು, ಫೋನು, ಪ್ರಿಂಟರು, ಅವುಗಳ ತಂತಿ, ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುವ ನನಗೆ ಇಷ್ಟು ವರ್ಷ ಅನ್ನ ಹಾಕಿದ್ದೇ ಈ ಹೆದರಿಕೆ. ಹೆದರುವವರು ಎರಡೆರಡು ಸಲ ನೋಡುತ್ತಾರೆ, ಎರಡೆರಡು ಸಲ ನೋಡಿದವರು ತಪ್ಪುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಹೋದ ವರ್ಷದ ಒಂದೇ ಒಂದು ವಾರ ಆ ನಂಬಿಕೆಯನ್ನು ಮುರಿದು ಮೂಲೆಗಿಟ್ಟಿತು.

ಆಸ್ಪತ್ರೆಯ ದೊಡ್ಡ ಕಟ್ಟಡ ಸಿಂದಗಿಯಲ್ಲಿದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಂದೊಂದು ಸಣ್ಣ ಶಾಖೆ. ನಾಲ್ಕೂ ಕಡೆ ತಾಯಂದಿರ ಫೋನು ಎಂದು ಒಂದೊಂದು ನಂಬರು ಇಟ್ಟಿದ್ದೇವೆ. ಬಸುರಿ ಹೆಂಗಸರು ಅದಕ್ಕೆ ಫೋನ್ ಮಾಡುತ್ತಾರೆ. ಸಿಸ್ಟರ್ ಹೆರಿಗೆ ಕೋಣೆಯಲ್ಲಿದ್ದರೆ ಎತ್ತುವವರು ಯಾರೂ ಇರುವುದಿಲ್ಲ, ಆಗ ಫೋನಿನೊಳಗಿನ ದನಿಯೊಂದು ನಿಮ್ಮ ಮಾತು ಹೇಳಿಡಿ ಎನ್ನುತ್ತದೆ. ಅವರು ಹೇಳಿಡುತ್ತಾರೆ. ಕಾಲು ಬಾತಿದ್ದು, ಕೂಸು ಹೊರಳದೇ ಇದ್ದದ್ದು, ಗುಳಿಗೆ ತೀರಿದ್ದು, ಅತ್ತೆ ಬೈದದ್ದು, ಎಲ್ಲವೂ ಅದರಲ್ಲಿ ಇರುತ್ತದೆ. ಇದೇ ವಾಯ್ಸ್ ಮೇಲ್. ನಾಲ್ಕೂ ಊರಿನ ಈ ಮಾತುಗಳೆಲ್ಲ ಸಿಂದಗಿಯ ಎಕ್ಸ್‌ರೇ ಕೋಣೆಯ ಹಿಂದಿನ ಒಂದು ಕರಿ ಪೆಟ್ಟಿಗೆಯಲ್ಲಿ, ಅಂದರೆ ಸರ್ವರ್‌ನಲ್ಲಿ, ಜಮೆಯಾಗುತ್ತಿದ್ದವು.

ಹೊಸ ಮಾತು ಬಂದಾಗ ಫೋನಿನ ನೆತ್ತಿಯ ಮೇಲೆ ಕೆಂಪು ದೀಪ ಹತ್ತುತ್ತದೆ. ಬೇರೆ ಕಡೆಯಲ್ಲಾದರೆ ಕೇಳಿದ ಕೂಡಲೇ ಅದು ಆರುತ್ತದೆ. ನಮ್ಮ ದೊಡ್ಡ ಡಾಕ್ಟರು ಮಾತ್ರ ಅದು ಬೇಡ ಎಂದಿದ್ದರು. ಸಿಸ್ಟರ್ ಆ ಹೆಂಗಸಿಗೆ ತಿರುಗಿ ಫೋನ್ ಮಾಡಿ, ಕೆಲಸ ಮುಗಿಸಿ, ಮಾತನ್ನು ಅಳಿಸಿದರೆ ಮಾತ್ರ ದೀಪ ಆರಬೇಕು, ಅಲ್ಲಿಯತನಕ ಕಣ್ಣಿಗೆ ಹೊಡೆಯುತ್ತಿರಬೇಕು ಎಂಬುದು ಅವರ ಅಪ್ಪಣೆ. ನಾನೇ ಹಾಗೆ ಹೊಂದಿಸಿ ಕೊಟ್ಟಿದ್ದೆ. ಅವರು ಯಾವ ಊರಿಗೆ ರೌಂಡ್ಸಿಗೆ ಹೋದರೂ ಮೊದಲು ನೋಡುತ್ತಿದ್ದುದು ಆ ದೀಪವನ್ನು. ಹತ್ತಿದ್ದರೆ ಸಿಸ್ಟರ್‌ಗೆ ಎಲ್ಲರೆದುರು ಮಂಗಳಾರತಿ.

ಆ ಕರಿ ಪೆಟ್ಟಿಗೆಗೆ ವಯಸ್ಸಾಗಿತ್ತು. ಡಿಸ್ಕ್ ತುಂಬಿ ಅದು ತನ್ನ ದಿನನಿತ್ಯದ ಬ್ಯಾಕಪ್ಪನ್ನು ತಾನೇ ನಿಲ್ಲಿಸಿಬಿಟ್ಟಿತ್ತು. ಹೊಸ ಸರ್ವರ್ ತರಿಸಿದರು. ಹಳೆಯದರಿಂದ ಹೊಸದಕ್ಕೆ ಸಾಗಿಸಲು ಎರಡು ಸಾಫ್ಟ್‌ವೇರು ಕೊಟ್ಟರು. ಒಂದು ಹಳೆಯದರಲ್ಲಿದ್ದುದನ್ನು ಗಂಟು ಕಟ್ಟುತ್ತದೆ, ಇನ್ನೊಂದು ಆ ಗಂಟನ್ನು ಹೊಸದರಲ್ಲಿ ಬಿಚ್ಚಿ ಹರವುತ್ತದೆ. ಬ್ಯಾಕಪ್ ಮತ್ತು ರಿಸ್ಟೋರ್. ಕೇಳುವುದಕ್ಕೆ ಮನೆ ಬದಲಿಸಿದಷ್ಟೇ ಸರಳ. ಮನೆ ಬದಲಿಸಿದವರಿಗೆ ಗೊತ್ತು, ಏನೋ ಒಂದು ಹಿಂದೆ ಉಳಿದೇ ಉಳಿಯುತ್ತದೆ.

ನಾನು ಇನ್ನೂರು ಪುಟದ ನೋಟ್‌ಬುಕ್ ತಂದು ಯೋಜನೆ ಬರೆಯಲು ಕೂತೆ. ಮೊದಲ ಪುಟದಲ್ಲಿ, ಏನೇನು ಕೆಡಬಹುದು ಎಂದು ಪಟ್ಟಿ ಮಾಡಿದೆ. ಕರೆಂಟು ಹೋಗಬಹುದು. ತಂತಿ ಕಡಿಯಬಹುದು. ಇಂಡಿಯ ಮಾತು ಮುದ್ದೇಬಿಹಾಳಕ್ಕೆ ಹೋಗಿ ಕೂರಬಹುದು. ಒಟ್ಟು ನಲವತ್ತೊಂದು ಹೆದರಿಕೆ ಬರೆದೆ. ಯಾವುದು ನಿಜವಾಗಿ ಕೆಟ್ಟಿತೋ ಅದು ಆ ನಲವತ್ತೊಂದರಲ್ಲಿ ಇರಲಿಲ್ಲ.

ನಾಲ್ಕೂ ಊರಿಗೆ ಖುದ್ದಾಗಿ ಹೋಗಿ ಎಷ್ಟು ಮಾತುಗಳಿವೆ ಎಂದು ಎಣಿಸಬೇಕು, ಗಂಟು ಕಟ್ಟುವ ಮುಂಚೆ ಎಷ್ಟು, ಬಿಚ್ಚಿದ ಮೇಲೆ ಎಷ್ಟು ಎಂದು ತಾಳೆ ನೋಡಬೇಕು ಎಂಬುದು ನನ್ನ ಲೆಕ್ಕಾಚಾರ. ಸೋಮವಾರ ಮೊದಲು ಇಂಡಿಗೆ ಹೋದೆ. ಅಲ್ಲಿಯ ಸಿಸ್ಟರ್ ನನಗಿಂತ ಹತ್ತು ವರ್ಷ ಹಿರಿಯಳು, ಎಲ್ಲರೂ ಅಕ್ಕಾರು ಎಂದು ಕರೆಯುವ ಗಟ್ಟಿ ಹೆಂಗಸು. ಇಂಡಿ ತಾಲ್ಲೂಕಿನ ಅರ್ಧ ಮಕ್ಕಳು ತನ್ನ ಕೈಯಲ್ಲೇ ಹುಟ್ಟಿದವು ಎಂದು ಹೇಳಿಕೊಳ್ಳುತ್ತಿದ್ದಳು, ಅದರಲ್ಲಿ ಸುಳ್ಳು ಕಡಿಮೆ. ಆವತ್ತು ಹೆರಿಗೆ ಕೋಣೆಯ ಬಾಗಿಲಲ್ಲಿ ಕೈಗವಸು ಹಾಕಿಕೊಂಡೇ ನನ್ನ ಜೊತೆ ಮಾತಾಡಿದಳು.

"ಅಕ್ಕಾರ, ಫೋನಿನ್ಯಾಗ ಎಷ್ಟು ಮೆಸೇಜ್ ಅದಾವ್ರಿ?"

"ಒಂದೂ ಇಲ್ಲವ್ವಾ. ದೀಪ ಆರೈತಿ ನೋಡಲ್ಲ."

ದೀಪ ಆರಿತ್ತು. ನಾನು ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅಳಿಸಿದ ಮಾತುಗಳ ಫೋಲ್ಡರಿನಲ್ಲಿ ಮಾತ್ರ ಅರವತ್ತಮೂರು ಬಿದ್ದಿದ್ದವು. ನಮ್ಮ ಸರ್ವರಿನಲ್ಲಿ ಅಳಿಸಿದ್ದು ಪೂರ್ತಿ ಹೋಗುವುದಿಲ್ಲ, ಯಾರಾದರೂ ಖಾಲಿ ಮಾಡುವವರೆಗೆ ಆ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ಸರ್ವರ್ ಕೊಟ್ಟ ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿ ಕೇಳಿದೆ. ಬ್ಯಾಕಪ್ ಸಾಫ್ಟ್‌ವೇರು ಅಳಿಸಿದ್ದನ್ನು ಹೇಗೂ ಎತ್ತಿಕೊಳ್ಳುವುದಿಲ್ಲ ಮೇಡಂ, ಡಿಸ್ಕಿನಲ್ಲಿ ಜಾಗವೂ ಇಲ್ಲ, ಖಾಲಿ ಮಾಡಿಬಿಡಿ ಎಂದ. ಅಕ್ಕನನ್ನು ಒಂದು ಮಾತು ಕೇಳೋಣ ಎಂದು ಎದ್ದೆ. ಒಳಗೆ ಯಾರೋ ನೋವಿಗೆ ಕಿರುಚುತ್ತಿದ್ದರು, ಅಕ್ಕ ಅವಳಿಗೆ ಧೈರ್ಯ ಹೇಳುತ್ತಿದ್ದಳು. ಕಸ ಚೆಲ್ಲಲು ಯಾರ ಪರವಾನಗಿ ಎಂದು ಮತ್ತೆ ಕೂತೆ. ಒತ್ತಿದೆ. ಖಚಿತವೇ ಎಂದು ಅದು ಕೇಳಿತು. ಹೌದು ಎಂದೆ. ಬೀಗವನ್ನು ಮೂರು ಸಲ ಎಳೆಯುವ ನಾನು ಅಲ್ಲಿ ಎಳೆದದ್ದು ಒಂದೇ ಸಲ.

ಆಮೇಲೆ ಇಂಡಿಯದ್ದನ್ನೇ ಮಾದರಿಗೆಂದು ಗಂಟು ಕಟ್ಟಿ ಹೊಸ ಸರ್ವರಿನಲ್ಲಿ ಬಿಚ್ಚಿದೆ. ಒಂದೂ ತಪ್ಪು ಬರಲಿಲ್ಲ. ಸೊನ್ನೆ ಹೋಗಿ ಸೊನ್ನೆಯೇ ಬಂದರೆ ತಪ್ಪು ಬರುವುದಾದರೂ ಹೇಗೆ? ನನಗೆ ಮಾತ್ರ ಗೆದ್ದ ಹುರುಪು. ಮನೆಗೆ ಬಂದು ಗಂಡನಿಗೆ ವರದಿ ಒಪ್ಪಿಸಿ, ಎರಡು ರೊಟ್ಟಿ ಹೆಚ್ಚಿಗೆ ತಿಂದು ಮಲಗಿದೆ.

ಮಂಗಳವಾರ ಮುದ್ದೇಬಿಹಾಳ. ಅಲ್ಲಿಯ ಸಿಸ್ಟರ್ ಅಚ್ಚುಕಟ್ಟು, ಬಂದ ಪ್ರತಿ ಮಾತನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಬುಧವಾರ ಸಿಂದಗಿ, ಅದು ನನ್ನ ಕಣ್ಣೆದುರಿಗೇ ಇರುವ ಫೋನು, ಅಲ್ಲೂ ಪುಸ್ತಕವಿತ್ತು. ಗುರುವಾರ ಬೆಳಿಗ್ಗೆ ಬಸ್ಸು ಹಿಡಿದು ಬಸವನ ಬಾಗೇವಾಡಿಗೆ ಹೋದೆ.

ಬಾಗೇವಾಡಿಯ ಸಿಸ್ಟರ್ ಸಣ್ಣ ಹುಡುಗಿ, ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಎಷ್ಟು ಮೆಸೇಜ್ ಎಂದು ಕೇಳಿದೆ.

"ಒಂದೂ ಇಲ್ರಿ ಮೇಡಂ. ಎಲ್ಲಾ ಸಾಫ್ ಅದಾವ್ರಿ."

ಮತ್ತೊಂದು ಸೊನ್ನೆ ಬರೆದು, ಚಹಾ ಬರುವವರೆಗೆ ಕೂತೆ. ಆ ಹುಡುಗಿ ಫೋನ್ ಎತ್ತಿ, ಒಂದರ ಮೇಲೊಂದು ಗುಂಡಿ ಒತ್ತಿ, ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಂಡಳು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಒಂದು ನಂಬರು ಒತ್ತಿ, "ನಾನವಾ, ಬಾಗೇವಾಡಿ ಸಿಸ್ಟರ್. ಗುಳಗಿ ತಗೊಂಡಿ?" ಎಂದು ಮಾತು ಶುರು ಮಾಡಿದಳು. ಮುಗಿದ ಮೇಲೆ ಮತ್ತೆ ಗುಂಡಿ, ಮತ್ತೆ ಕಣ್ಣು ಮುಚ್ಚಿ ಕೇಳುವುದು, ಮತ್ತೊಂದು ನಂಬರು.

ನನ್ನ ಚಹಾ ತಣ್ಣಗಾಯಿತು. "ಮೆಸೇಜ್ ಇಲ್ಲಂದಿ. ಮತ್ತ ಏನು ಕೇಳಾಕತ್ತಿ?"

"ಇವು ಮೆಸೇಜ್ ಅಲ್ರಿ. ಇವು ತವರಮನಿಯವು."

ನನಗೆ ತಿಳಿಯಲಿಲ್ಲ. ಅವಳು ನಕ್ಕು ಬಿಡಿಸಿ ಹೇಳಿದಳು. ನಮ್ಮ ಕಡೆ ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಹಸಿರು ಬಳೆ ತೊಡಿಸಿ, ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುತ್ತಾರೆ. ರಿಜಿಸ್ಟರಿನಲ್ಲಿ ಇರುವುದು ಗಂಡನ ಮನೆಯ ನಂಬರು. ತವರಿಗೆ ಹೋದವಳು ಅಲ್ಲಿಂದ ಅಪ್ಪನ ಫೋನೋ ಅಣ್ಣನ ಫೋನೋ ಹಿಡಿದು, ನಾನು ಇಲ್ಲಿ ಬಂದೀನಿ, ಇನ್ನು ಮೇಲೆ ಈ ನಂಬರಿಗೆ ಹಚ್ಚಿ ಎಂದು ಹೇಳಿಡುತ್ತಾಳೆ. ಮಗು ಹುಟ್ಟುವವರೆಗೆ ಆ ಮಾತು ಬೇಕೇ ಬೇಕು. ಇಟ್ಟುಕೊಂಡರೆ ದೀಪ ಆರುವುದಿಲ್ಲ, ದೀಪ ಆರದಿದ್ದರೆ ದೊಡ್ಡ ಡಾಕ್ಟರು ಬಿಡುವುದಿಲ್ಲ. ಅದಕ್ಕೆ ಅಳಿಸಿಬಿಡುವುದು. ಅಳಿಸಿದ ಫೋಲ್ಡರಿನಲ್ಲಿ ಅದು ಹಾಯಾಗಿ ಇರುತ್ತದೆ, ಬೇಕಾದಾಗ ಒಳಗೆ ಹೋಗಿ ಕೇಳಬಹುದು.

"ನಂಬರ್ ಬರಕೊಂಡ್ರ ಆಗೂದಿಲ್ಲೇನ?" ಎಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು.

"ಬರೀ ನಂಬರ್ ಬರದ್ರ ಏನ್ ಬರತೈತ್ರಿ? ಕೇಳ್ರಿ ಇಲ್ಲಿ." ಫೋನನ್ನು ನನ್ನ ಕಿವಿಗೆ ಹಿಡಿದಳು. ಯಾವುದೋ ಊರಿನ ಹುಡುಗಿ, ಹಿಂದೆ ಎಮ್ಮೆ ಕೂಗುವ ಸದ್ದು. "ಸಿಸ್ಟರ್, ಇದು ನಮ್ಮಣ್ಣನ ನಂಬರ್ ಐತ್ರಿ. ಹಗಲೆಲ್ಲಾ ಹೊಲದಾಗ ಇರ್ತಾನ, ಸಂಜಿಮುಂದ ಹಚ್ಚರಿ. ಅಣ್ಣ ಎತ್ತಿದ್ರ ಬಿಳಿಮುಟ್ಟಿನ ಮಾತು ಹೇಳಬ್ಯಾಡ್ರಿ, ನಾಚಿಕಿ ಬರತೈತಿ, ನನಗs ಕೊಡು ಅನ್ರಿ." ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಸಿಸ್ಟರ್ ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು.

"ಯಾರು ಕಲಿಸಿದ್ರು ನಿನಗ ಇದನ್ನ?"

"ಇಂಡಿ ಅಕ್ಕಾರ್ರಿ. ನಾನು ಅವರ ಕೈಯಾಗs ಕೆಲಸ ಕಲಿತೇನಿ. ಅವರ ಕಡಿ ನಮಗಿಂತ ಭಾಳ ಅದಾವ್ರಿ, ತವರಮನಿಯವು."

ಅರವತ್ತಮೂರು. ನೋಟ್‌ಬುಕ್ ತೆರೆದು ಇಂಡಿಯ ಎದುರಿಗೆ ನಾನೇ ಬರೆದಿದ್ದ ಸೊನ್ನೆಯನ್ನು ನೋಡಿದೆ. ಆ ಹುಡುಗಿ ನನ್ನ ಮುಖ ನೋಡಿ, ಮೇಡಂ ಸಕ್ಕರಿ ಕಡಿಮಿ ಆತೇನ್ರಿ ಎಂದು ಗ್ಲುಕೋಸ್ ತರಲು ಓಡಿದಳು.

ಮೊದಲು ಎಂಜಿನಿಯರಿಗೆ ಫೋನ್ ಮಾಡಿದೆ. ಖಾಲಿ ಮಾಡಿದ್ದನ್ನು ತಿರುಗಿ ತರಬಹುದೇ? ಹಳೆಯ ಬ್ಯಾಕಪ್ ಇದ್ದರೆ ಬರುತ್ತದೆ ಎಂದ. ಡಿಸ್ಕ್ ತುಂಬಿ ಅದು ನಿಂತು ತಿಂಗಳುಗಳಾಗಿವೆ ಎಂದೆ. ಹಾಗಾದರೆ ಬರುವುದಿಲ್ಲ ಮೇಡಂ ಎಂದ. ಅಷ್ಟೇ. ಅವನ ದನಿಯಲ್ಲಿ ಏನೂ ಇರಲಿಲ್ಲ, ಅವನಿಗೆ ಅದು ಕಸ.

ಆಮೇಲೆ ನಮ್ಮ ಮ್ಯಾನೇಜರಿಗೆ ಹಚ್ಚಿದೆ. ಅವರು ಎಲ್ಲ ಕೇಳಿಸಿಕೊಂಡು, "ಗಾಬರಿ ಆಗಬ್ಯಾಡ್ರಿ. ಸರ್ವರ್ ಕೆಟ್ಟಿತ್ತು, ಅದರಾಗ ಹೋದವು ಅಂತ ಹೇಳ್ರಿ. ಹೆಂಗೂ ಹಳೇದೈತಿ, ಯಾರೂ ಕೇಳೂದಿಲ್ಲ" ಎಂದರು. ನನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದು. ಆ ಕ್ಷಣಕ್ಕೆ ಅದು ಮುಳುಗುವವಳ ಕೈಗೆ ಸಿಕ್ಕ ಹಗ್ಗದಂತೆ ಕಂಡಿತು, ಸುಳ್ಳು ಹೇಳಲಾರೆ.

ಬಾಗೇವಾಡಿಯದ್ದನ್ನಾದರೂ ಉಳಿಸಬೇಕಿತ್ತು. ಸಾಫ್ಟ್‌ವೇರು ಅಳಿಸಿದ್ದನ್ನು ಮುಟ್ಟುವುದಿಲ್ಲ ಎಂದ ಮೇಲೆ ಇರುವುದು ಒಂದೇ ದಾರಿ. ಒಂದೊಂದೇ ಮಾತನ್ನು ಗುಂಡಿ ಒತ್ತಿ ಮೊದಲಿನ ಜಾಗಕ್ಕೆ ತರಬೇಕು. ಹುಡುಗಿಗೆ ತೋರಿಸಿಕೊಟ್ಟೆ. ಮೊದಲನೆಯದು ಬಂದ ಕೂಡಲೇ ಕೆಂಪು ದೀಪ ಹತ್ತಿತು. ಅವಳು ಬೆಚ್ಚಿ ಕೈ ಹಿಂದೆ ತೆಗೆದಳು.

"ಇವತ್ತ ಡಾಕ್ಟರ್ ರೌಂಡ್ಸ್ ಐತ್ರಿ ಮೇಡಂ."

"ಬರಲಿ. ಆರಿಸು ಅಂದ್ರ ಆ ಮೇಡಂಗ ಫೋನ್ ಮಾಡ್ರಿ ಅನ್ನು. ಆ ದೀಪಕ್ಕ ಹೆದರಿ ಹೆದರೇ ನಾವೆಲ್ಲಾ ಇಲ್ಲಿಗೆ ಬಂದೀವಿ."

ದೊಡ್ಡ ಡಾಕ್ಟರ ಬಗ್ಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವಳು ಬಾಯಿ ತೆರೆದು ನೋಡಿದಳು. ನನಗೂ ಸಿಟ್ಟು ಡಾಕ್ಟರ ಮೇಲಲ್ಲ, ದೀಪವನ್ನು ಹಾಗೆ ಹೊಂದಿಸಿ ಕೊಟ್ಟ ನನ್ನ ಮೇಲೆ.

ಇಂಡಿಯ ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬಸ್ ಹಿಡಿದು ವಿಜಯಪುರಕ್ಕೆ ಬಂದು, ಅಲ್ಲಿಂದ ಇಂಡಿಯ ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ ಸರ್ವರ್ ಕೆಟ್ಟಿತ್ತು ಅಕ್ಕಾರ ಎಂಬ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ಒಮ್ಮೆ ಮೆಲ್ಲಗೆ, ಒಮ್ಮೆ ಬೇಸರದಿಂದ, ಒಮ್ಮೆ ಕಂಪನಿಯವರನ್ನು ಬೈಯುತ್ತ. ಮೂರನೆಯದು ಚೆನ್ನಾಗಿ ಹೊಂದುತ್ತಿತ್ತು. ಪಕ್ಕದಲ್ಲಿ ಕೂತ ಅಜ್ಜಿ ನನ್ನ ತುಟಿ ನೋಡಿ, ದೇವರ ನಾಮ ಹೇಳುತ್ತಿದ್ದೇನೆ ಎಂದುಕೊಂಡು ತಾನೂ ಕೈಮುಗಿದಳು.

ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ತೊಳೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅವಳೇ ಮೊದಲು ಕೇಳಿದಳು.

"ಬಂದೆ ಏನವಾ? ಚಲೋ ಆತು. ನಮ್ಮ ತವರಮನಿಯವು ಯಾವಾಗ ತಿರುಗಿ ಬರತಾವ? ನಿನ್ನಿ ಬುಧವಾರ, ಬಿಪಿಯವರಿಗೆ ಫೋನ್ ಮಾಡೂ ದಿನ. ನೋಡಿದ್ರ ಒಂದೂ ಇಲ್ಲ. ಸರ್ವರ್ ಕೆಲಸ ನಡದೈತಿ, ನೀನs ತಗದು ಭದ್ರ ಇಟ್ಟಿರತಿ ಅಂತ ಸುಮ್ಮನಾದೆ."

ಬಸ್ಸಿನಲ್ಲಿ ಅಷ್ಟು ಚೆನ್ನಾಗಿ ಹೊಂದಿಸಿಕೊಂಡಿದ್ದ ಮಾತನ್ನು ಬಿಟ್ಟುಬಿಟ್ಟೆ. ಭದ್ರ ಇಟ್ಟಿರತಿ ಎಂದವಳ ಎದುರಿಗೆ ಅದನ್ನು ಹೇಳುವುದು ಹೇಗೆ? "ಅಕ್ಕಾರ, ಕಸ ಅಂತ ತಿಳದು ಅಳಿಸಿಬಿಟ್ಟೀನ್ರಿ. ನಿಮ್ಮನ್ನ ಕೇಳಲಿಲ್ಲ. ತಿರುಗಿ ಬರೂದಿಲ್ಲ" ಎಂದು ನಿಂತಲ್ಲೇ ಹೇಳಿ ಅತ್ತೆ.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಡಬ್ಬಿಯ ಮುಚ್ಚಳ ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡಳು, "ಒಳಗ ಬಾ" ಎಂದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ. ಗಟ್ಟಿ ಹೆಂಗಸು ಹೆದರಿದ್ದನ್ನು ನೋಡುವುದು ನನ್ನ ಸ್ವಂತ ಹೆದರಿಕೆಗಿಂತ ಕೆಟ್ಟದಾಗಿತ್ತು.

ರಿಜಿಸ್ಟರ್ ತೆಗೆದು ಕೂತೆವು. ಅರವತ್ತಮೂರರಲ್ಲಿ ಹಳೆಯವು, ಹೆರಿಗೆಯಾದವರವು, ಒಬ್ಬಳೇ ಮೂರು ಸಲ ಹೇಳಿಟ್ಟವು ಬಹಳ. ಅಕ್ಕನ ನೆನಪಿನ ಪ್ರಕಾರ ಇನ್ನೂ ಹೆರಿಗೆಯಾಗದೆ ತವರಿನಲ್ಲಿ ಇರುವವರು ಹತ್ತೊಂಬತ್ತು ಮಂದಿ. ಒಬ್ಬೊಬ್ಬರ ಗಂಡನ ಮನೆಗೂ ಫೋನ್ ಹಚ್ಚಿ, ಅತ್ತೆಯನ್ನೋ ಮೈದುನನನ್ನೋ ಹಿಡಿದು ತವರಿನ ನಂಬರು ಕೇಳಿದೆವು. ಯಾಕೆ, ಏನಾಯಿತು ಎಂದು ಅವರು ಗಾಬರಿಯಾಗುತ್ತಿದ್ದರು. ಏನೂ ಇಲ್ಲ, ಸುಮ್ಮನೆ ಎಂದು ಅಕ್ಕ ಅವರಿಗೆ ಸಮಾಧಾನ ಹೇಳುತ್ತಿದ್ದಳು. ನಾನು ಸಿಕ್ಕ ನಂಬರನ್ನು ಬರೆದು, ತಿರುಗಿ ಓದಿ, ಅದಕ್ಕೆ ಫೋನ್ ಮಾಡಿ ಆ ಹುಡುಗಿಯ ದನಿ ಕೇಳಿದ ಮೇಲಷ್ಟೇ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆ. ಹೊತ್ತು ಮುಳುಗುವ ಮುಂಚೆ ಹದಿನೆಂಟು ಗುರುತು ಬಿದ್ದವು.

ಉಳಿದವಳು ಒಬ್ಬಳು. ಹೊರ್ತಿಯ ಸೊಸೆ, ಚೊಚ್ಚಲು, ಎಂಟೂವರೆ ತಿಂಗಳು. ಆ ಹೆಸರಿನ ಮುಂದೆ ಅಕ್ಕ ಮೊದಲೇ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು.

"ಬಿಪಿ ಭಾಳ ಐತಿ ಇಕಿದು" ಎಂದಳು. "ಬುಧವಾರ ಫೋನ್ ಮಾಡ್ತೇನಿ, ತಲಿಬ್ಯಾನಿ ಐತಿಲ್ಲ ಹೇಳು, ನಾ ಹೇಳಿದಂಗ ಮಾಡು ಅಂದಿದ್ದೆ. ಗುಣದ ಹುಡುಗಿ. ಹೇಳಿದ್ದು ಮೀರೂದಿಲ್ಲ."

ಅವಳ ಗಂಡನ ಮನೆಯ ಫೋನು ಬಂದ್ ಆಗಿತ್ತು. ಹತ್ತು ಸಲ ಹಚ್ಚಿದೆವು. ಅದೇ ದನಿ, ಅದೇ ಉತ್ತರ. ಆ ದಿನ ಇಂಡಿಯಲ್ಲೇ ಅಕ್ಕನ ಮನೆಯಲ್ಲಿ ಉಳಿದೆ. ಅವಳು ಬಡಿಸಿದ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಇಟ್ಟೆ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೊರ್ತಿಗೆ ಹೋದೆವು. ಅತ್ತೆ ಲಿಂಬೆ ತೋಟದಲ್ಲಿ ಬಿದ್ದ ಕಾಯಿ ಆರಿಸುತ್ತಿದ್ದಳು. ಅಕ್ಕನನ್ನು ದೂರದಿಂದ ನೋಡಿಯೇ ಕೈಯ ಬುಟ್ಟಿ ಕೆಳಗಿಟ್ಟಳು. ಹೆರಿಗೆ ಮಾಡಿಸುವವಳು ಕರೆಯದೆ ತೋಟಕ್ಕೆ ಬಂದರೆ ಯಾರಿಗೆ ಎದೆ ಧಸಕ್ ಎನ್ನುವುದಿಲ್ಲ?

"ಏನಾತ್ರಿ ನಮ್ಮ ಹುಡುಗಿಗೆ?"

ಏನೂ ಆಗಿಲ್ಲ, ನಂಬರು ಬೇಕಿತ್ತು ಎಂದು ಅಕ್ಕ ಹೇಳಿದಳು. ಆಗಿದೆಯೋ ಇಲ್ಲವೋ ನಮಗೇ ಗೊತ್ತಿರಲಿಲ್ಲ. ಮನೆಯ ಫೋನು ನೀರಿನ ಬ್ಯಾರಲ್ಲಿಗೆ ಬಿದ್ದು ನಾಲ್ಕು ದಿನವಾಗಿತ್ತು. ತವರು ಮುದ್ದೇಬಿಹಾಳದ ಆಚೆ ಹೊಳೆ ಕಡೆಯ ಒಂದು ಹಳ್ಳಿ. ನಂಬರು ಇರುವುದು ಮಗನ ಹತ್ತಿರ, ಮಗ ಲಿಂಬೆಯ ಲೋಡು ಹಾಕಿಕೊಂಡು ಲಾರಿಯಲ್ಲಿ ದೂರ ಹೋಗಿದ್ದಾನೆ. ಅವನ ನಂಬರೂ ಆ ನೀರಿಗೆ ಬಿದ್ದ ಫೋನಿನಲ್ಲೇ. ಕಡೆಗೆ ಮಗನ ಗೆಳೆಯನೊಬ್ಬನನ್ನು ಹುಡುಕಿ, ಅವನಿಂದ ಮಗನಿಗೆ ಹಚ್ಚಿಸಿದೆವು. ಮೂರನೆಯ ಸಲಕ್ಕೆ ಎತ್ತಿದ. ಹೆಂಡತಿಯ ಅಣ್ಣನ ನಂಬರು ಹೇಳಿದ. ಲಾರಿಯ ಸದ್ದಿನಲ್ಲಿ ಕೇಳಿಸದೆ ಎರಡೆರಡು ಸಲ ಹೇಳಿಸಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ನನ್ನ ನಲವತ್ತೊಂದು ಹೆದರಿಕೆಗಳ ಕೆಳಗೆ ಬರೆದುಕೊಂಡೆ.

ಅಕ್ಕ ತನ್ನ ಫೋನನ್ನು ನನ್ನ ಕೈಗಿಟ್ಟಳು. "ನೀನs ಹಚ್ಚು" ಎಂದಳು. ಲಿಂಬೆ ಗಿಡದ ನೆರಳಲ್ಲಿ ಕೂತು ಒತ್ತಿದೆ. ಗಂಟೆ ಬಾರಿಸಿತು, ನಿಂತಿತು. ಮತ್ತೆ ಒತ್ತಿದೆ. ಯಾರಾದರೂ ಅಳುವ ದನಿ ಕೇಳಿಸಿದರೆ ಏನು ಮಾಡುವುದು ಎಂಬುದೊಂದೇ ತಲೆಯಲ್ಲಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಹಲೋ, ಯಾರ್ರಿ?" ತೆಳ್ಳಗಿನ, ದಣಿದ ಹೆಣ್ಣು ದನಿ.

"ಇಂಡಿ ದವಾಖಾನಿಯಿಂದ ಮಾತಾಡಾಕತ್ತೇನವಾ. ಹೊರ್ತಿಯಾಕಿ ನೀನs ಏನು?"

"ಹೌದ್ರಿ ಸಿಸ್ಟರ್. ನಿನ್ನಿ ಸಂಜಿಮುಂದ ಆಪರೇಷನ್ ಆತ್ರಿ. ಹೆಣ್ಣ ಕೂಸು. ಕಾಜಿನ ಪೆಟ್ಟಿಗ್ಯಾಗ ಇಟ್ಟಾರ್ರಿ. ಹಾಲು ಕುಡಿಯಾಕತ್ತೈತಿ ಅಂದ್ರು."

ನಾನು ಅತ್ತೆಯ ಕಡೆಗೆ ತಿರುಗಿ ತಲೆಯಾಡಿಸಿದೆ. ಅವಳು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಅಕ್ಕ ಗಿಡದ ಕಡೆ ಮುಖ ಮಾಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಕಣ್ಣು ಕತ್ತಲಾಗುವಷ್ಟು ಸಮಾಧಾನವಾಯಿತು, ಅದು ಆ ಹುಡುಗಿಯ ಮುಂದಿನ ಮಾತಿನವರೆಗೆ.

"ಬುಧವಾರನs ತಲಿಬ್ಯಾನಿ ಶುರು ಆಗಿತ್ರಿ. ಕಣ್ಣ ಮುಂದ ಮಿಣಮಿಣ ಅನ್ನತಿತ್ತು. ನಮ್ಮಣ್ಣನ ಫೋನಿನ್ಯಾಗ ಕರೆನ್ಸಿ ಇರಲಿಲ್ರಿ, ಹಚ್ಚಾಕ ಬರತಿರಲಿಲ್ಲ, ಬರೂದಷ್ಟs ಇತ್ತು. ನಮ್ಮವ್ವ ದವಾಖಾನಿಗೆ ಹೋಗೂಣು ನಡಿ ಅಂದ್ಳು. ನಾನs ಬ್ಯಾಡಂದೆ. ಸಿಸ್ಟರ್ ಇವತ್ತ ಫೋನ್ ಮಾಡ್ತೇನಿ ಅಂದಾರ, ತಪ್ಪಸೂದಿಲ್ಲ, ಅವರು ಹೇಳಿದಂಗ ಮಾಡೂಣು ಅಂತ ಫೋನ್ ಹಿಡಕೊಂಡು ಕುಂತೆರಿ. ನಿನ್ನಿ ಮಧ್ಯಾಹ್ನತನಕಾ ಕುಂತಿದ್ದೆ. ಆಮ್ಯಾಲ ಏನಾತೋ ಗೊತ್ತಿಲ್ರಿ. ಅವ್ವನs ಹೊತ್ತು ತಂದಾಳಂತ."

ಅವಳು ದೂರುತ್ತಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದಳು. ನನ್ನನ್ನು ಇಂಡಿಯ ಅಕ್ಕನೆಂದೇ ತಿಳಿದಿದ್ದಳು. ಸರ್ವರ್ ಕೆಟ್ಟಿತ್ತು ಎನ್ನಲು ಅದಕ್ಕಿಂತ ಸಲೀಸು ಜಾಗ ಮತ್ತೆ ಸಿಗುತ್ತಿರಲಿಲ್ಲ.

"ತಂಗಿ, ನಾನು ಸಿಸ್ಟರ್ ಅಲ್ಲ. ಫೋನಿನ ಕೆಲಸ ಮಾಡಾಕಿ. ನೀ ತವರಿನ ನಂಬರ್ ಹೇಳಿಟ್ಟಿದ್ಯಲ್ಲ, ಅದನ್ನ ಅಳಿಸಿದಾಕಿ ನಾನು. ಅದಕ್ಕs ಅವರಿಗೆ ಫೋನ್ ಮಾಡಾಕ ಆಗಲಿಲ್ಲ. ಅವರ ತಪ್ಪೇನೂ ಇಲ್ಲ. ನಂದs ತಪ್ಪು."

ಆ ಕಡೆ ವಾರ್ಡಿನ ಸದ್ದು ಕೇಳಿಸುತ್ತಿತ್ತು. ಯಾರೋ ಸ್ಟೀಲಿನ ಲೋಟ ಕೆಳಗಿಟ್ಟರು. ಅವಳು ಬೈಯಲಿ ಎಂದು ಕಾದೆ.

"ಈಗರೆ ನಂಬರ್ ಬರಕೊಂಡೀರೇನ್ರಿ?" ಎಂದಳು.

"ಬರಕೊಂಡೀನವ್ವಾ."

"ಓದರಿ ನೋಡೂಣು."

ನೋಟ್‌ಬುಕ್ ಮೊಣಕಾಲ ಮೇಲಿಟ್ಟು ಓದಿದೆ. ಲಾರಿಯ ಸದ್ದಿನಲ್ಲಿ ಬರೆದುಕೊಂಡದ್ದು ನಾನೇ, ಒತ್ತಿದ್ದೂ ನಾನೇ, ಆದರೂ ಏಳನೆಯ ಅಂಕಿಗೆ ಬಂದಾಗ ಕಣ್ಣು ಮಸುಕಾಗಿ ತಪ್ಪು ಓದಿದೆ. ಅಲ್ಲರಿ, ಅದು ಮೂರು ಎಂದು ಅವಳು ತಿದ್ದಿದಳು. ಮೊದಲಿನಿಂದ ಓದಿದೆ. ಅವಳು ಒಂದೊಂದು ಅಂಕಿಗೂ ಹ್ಞೂಂ ಎನ್ನುತ್ತಿದ್ದಳು. ಮತ್ತೊಮ್ಮೆ ಓದಿದೆ.

"ಸಾಕ್ರಿ" ಎಂದಳು. "ಬರೋಬರಿ ಐತಿ."